ಕುಂಟೆಬಿಲ್ಲೆಲಿ ಸಮಾಸ ಕಲೀಲಿ, ಔಟ್ ಮಾತ್ರ ಬೇಡ

ನಮ್ಮ ಸಕಲೇಶಪುರದ ಕಡೆ ಮಳೆ ಹಿಡೀತು ಅಂದ್ರೆ ಶಾಲೆ ಅಂಗಳ ಪೂರ್ತಿ ಕೆಸರು, ಪಿಟಿ ಪೀರಿಯಡ್ ಇಲ್ಲ, ಮಕ್ಕಳು ಒಳಗೇ ಕೂತು ಕೂತು ಮಂಕಾಗ್ತಾವೆ. ಅಂಥ ಒಂದಿನ ಒಂಬತ್ತನೇ ಕ್ಲಾಸಿಗೆ ಸಮಾಸ (ಪದಗಳು ಸೇರಿ ಒಂದೇ ಪದ ಆಗೋದು) ರಿವಿಷನ್ ಮಾಡ್ಸೋಕೆ ಜಗಲಿ ಮೇಲೆ ಚಾಕ್‌ಪೀಸಲ್ಲಿ ಕುಂಟೆಬಿಲ್ಲೆ ಬರ್ದೆ. ಎಂಟು ಮನೆ, ಸಮಾಸನೂ ಎಂಟೇ, ತತ್ಪುರುಷದಿಂದ ಗಮಕದವರೆಗೆ ಮನೆಗೊಂದು ಹೆಸ್ರು. ನಾನು ಪದ ಕೂಗ್ತೀನಿ, ಅವ್ರು ಸರಿಯಾದ ಮನೆಗೆ ಬಿಲ್ಲೆ ಹಾಕಿ ಕುಂಟ್ಕೊಂಡು ಹೋಗಿ ಅಲ್ಲೇ ನಿಂತು ಪದ ಬಿಡ್ಸಿ ಹೇಳ್ಬೇಕು.

ಅಂಗೈ ಅಂದೆ, ಕೈಯ ಅಡಿ, ಒಂದರ ಭಾಗ ಹೇಳೋ ಪದ, ಬಿಲ್ಲೆ ಅಂಶಿಗೆ ಹೋಯ್ತು. ಮುಕ್ಕಣ್ಣ ಅಂದೆ, ಹುಡ್ಗ ಸೀದಾ ದ್ವಿಗುಗೆ ಹಾಕಿ ಒಂಟಿ ಕಾಲಲ್ಲಿ ನಿಂತು 'ಮೂರು ಕಣ್ಣು, ಸಂಖ್ಯೆ ಇದೆಯಲ್ಲ ಮಿಸ್' ಅಂದ. ನಾನು ಬಾಯಿ ಬಿಡೋಕೆ ಮುಂಚೆ ಹಿಂದಿನ ಸಾಲಿನ ಹುಡುಗಿ, 'ಕಣ್ಣು ಎಣಿಸ್ತಿಲ್ಲ ಕಣೋ, ಮೂರು ಕಣ್ಣು ಇರೋನು ಯಾರು, ಶಿವ, ಅವನ್ನ ಹೇಳ್ತಿರೋದು, ಬಹುವ್ರೀಹಿ!' ಅಂದ್ಳು. ಇದನ್ನೇ ನಾನು ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೆ! ಹುಡ್ಗ ಇನ್ನೊಂದು ಕಾಲು ಊರದೇನೇ ಪಕ್ಕದ ಮನೆಗೆ ಹಾರಿದ.

ಹೋದ ವರ್ಷ ನಾನು ಮಾಡಿದ್ದ ಆಟದಲ್ಲಿ ಅವನು ಅಲ್ಲಿಗೇ ಔಟ್ ಆಗಿರ್ತಿದ್ದ. ಆಗ ಕ್ವಿಜ್ ಥರ ಮಾಡ್ಸಿದ್ದೆ, ತಪ್ಪು ಹೇಳಿದ್ರೆ ಹೊರಗೆ, ಕೊನೇಲಿ ಉಳಿಯೋರು ಯಾವಾಗ್ಲೂ ಅದೇ ನಾಲ್ಕು ಜನ. ಮನೇಲಿ ತುಳುನೋ ತಮಿಳೋ ಮಾತಾಡೋ ಎಸ್ಟೇಟ್ ಮಕ್ಕಳು ಮೊದಲನೇ ರೌಂಡಲ್ಲೇ ಗೋಡೆಗೆ ಒರಗಿ ಕೂತ್ಬಿಡೋರು, ಯಾರಿಗೆ ಜಾಸ್ತಿ ಅಭ್ಯಾಸ ಬೇಕಿತ್ತೋ ಅವ್ರಿಗೇ ಕಮ್ಮಿ ಸಿಗ್ತಿತ್ತು. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಬೇಜಾರಾಗುತ್ತೆ. ಈಗ ತಪ್ಪು ಹೇಳಿದವರಿಗೇ ಇನ್ನೊಂದು ಪದ ಕೊಡ್ತೀನಿ.

ವ್ಯಾಕರಣ ಏನ್ ಆಟನಾ ಅಂತ ಕೇಳೋ ಮೇಷ್ಟ್ರುಗಳಿದಾರೆ. ಸಾರ್, ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಸೂತ್ರಗಳನ್ನ ಕಂದಪದ್ಯದಲ್ಲಿ ಕಟ್ಟಿದಾನೆ, ಪದ್ಯ ಆದ್ರೆ ಬಾಯಲ್ಲಿ ನಿಲ್ಲುತ್ತೆ. ಆದ್ರೆ ಒಂದು, ಪಾಠನೇ ಮಾಡದೆ ಆಟ ಆಡ್ಸಿದ್ರೆ ಅವ್ರು ಅಂದಾಜಿಗೆ ಬಿಲ್ಲೆ ಎಸೀತಾರೆ ಅಷ್ಟೆ.

ಮುಂದಿನ ವಾರ ಸಂಧಿಗೆ ಚೌಕಾಬಾರ, 25 ಮನೆ ರಟ್ಟಿನ ಮೇಲೆ ಗೀಚ್ತಾ ಇದೀನಿ. 'ಮಳೆಗಾಲ' ಅಂತ ಬರೆದಿರೋ ಮನೆಗೆ ಬಂದವ್ರು ಮಳೆ, ಕಾಲ ಅಂತ ಬಿಡ್ಸಿ ಕ ಹೋಗಿ ಗ ಬಂತು, ಆದೇಶ ಸಂಧಿ ಅನ್ಬೇಕು. ಅದ್ರಲ್ಲಿ ಕಾಯಿ ಹೊಡೆದ್ರೂ ಮತ್ತೆ ಮನೆಯಿಂದ ಹೊರಡ್ಬೋದಲ್ಲ. ಕವಡೆ ಸಿಕ್ಕಿಲ್ಲ, ಹುಣಸೆಬೀಜ ಉಜ್ಜೋಕೆ ಹುಡುಗರಿಗೇ ಹೇಳಿದೀನಿ.