ರೋಗಿಯ ಒಪ್ಪಿಗೆಗೆ ಲಾಗ್ ಬುಕ್ಕಿನಲ್ಲಿ ಜಾಗವಿಲ್ಲವೇ?

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳ ಜನರಲ್ ವಾರ್ಡುಗಳಲ್ಲಿ ಮಲಗಿದವರಲ್ಲಿ ಬಹಳಷ್ಟು ಮಂದಿ ಗದಗ, ಹಾವೇರಿ, ಕೊಪ್ಪಳದ ಕಡೆಯ ಹಳ್ಳಿಗಳವರು. ಸಮವಸ್ತ್ರ ತೊಟ್ಟು ಬಂದವರು ವಿದ್ಯಾರ್ಥಿಗಳೋ ಸಿಬ್ಬಂದಿಯೋ ಎಂದು ವಿಚಾರಿಸದೆ ಅವರು ತೋಳು ಮುಂದೆ ಮಾಡುತ್ತಾರೆ. ಬೇಡವೆಂದರೆ ಚಿಕಿತ್ಸೆಯೇ ನಿಂತೀತೆಂಬ ಭಯ ಅವರದು. ಈ ಮೌನವನ್ನೇ ಒಪ್ಪಿಗೆಯೆಂದು ಹಿಡಿದು ನರ್ಸಿಂಗ್ ಮಕ್ಕಳಿಗೆ ಪಾಠ ಹೇಳಲಾಗುತ್ತಿದೆ ಎಂಬುದು, ವಾರ್ಡಿನಲ್ಲಿ ಹಲವು ವರ್ಷ ದುಡಿದ ಶುಶ್ರೂಷಾಧಿಕಾರಿಯಾಗಿ ನನ್ನ ತಕರಾರು.

ಮಕ್ಕಳ ಪಾಡೂ ಸುಲಭದ್ದಲ್ಲ. ನಾಲ್ಕು ವರ್ಷದ ಬಿಎಸ್ಸಿ ಇರಲಿ, ಮೂರು ವರ್ಷದ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಇರಲಿ, ಇಷ್ಟು ಇಂಜೆಕ್ಷನ್, ಇಷ್ಟು ಕ್ಯಾಥೆಟರ್ (ಮೂತ್ರದ ನಳಿಕೆ), ಇಷ್ಟು ಹೆರಿಗೆ ಎಂದು, ಮಾಡಿದ ಕೆಲಸಗಳ ಲೆಕ್ಕವಿಡುವ ಲಾಗ್ ಬುಕ್ ತುಂಬಿಸಿ, ಪ್ರತಿಯೊಂದಕ್ಕೂ ಬೋಧಕರ ಸಹಿ ಪಡೆಯಬೇಕು. ಒಂದೇ ವಾರ್ಡಿಗೆ ಎರಡು ಮೂರು ಕಾಲೇಜುಗಳವರು ಬಂದ ದಿನ, ಆಗಷ್ಟೇ ಕಣ್ಣು ಮುಚ್ಚಿದ ರೋಗಿಯ ತೋಳಿಗೆ ಮತ್ತೆ ಮತ್ತೆ ಬಿ.ಪಿ. ಪಟ್ಟಿ ಸುತ್ತಲಾಗುತ್ತದೆ. ಅವರು ಮಲಗಿದ್ದಾರೆ ಮೇಡಂ ಎನ್ನಲು ಹೊರಟ ಹುಡುಗಿಗೆ ಇಂಟರ್ನಲ್ ಮಾರ್ಕ್ಸ್ ನೆನಪಾಗಿ ಬಾಯಿ ಕಟ್ಟುತ್ತದೆ.

ಕಳೆದ ಮಳೆಗಾಲದಲ್ಲಿ ಗದಗ ಕಡೆಯ ಅಜ್ಜಿಯೊಬ್ಬರಿಗೆ ಬೆಡ್ ಬಾತ್, ಅಂದರೆ ಮಲಗಿದಲ್ಲೇ ಮೈ ಒರೆಸುವುದನ್ನು, ಮಾಡಿಸಿ ಕಲಿಸುವುದು ನಡೆದಿತ್ತು. ಬೋಧಕರು ಮಂಚದ ಆಚೆ ನಿಂತು ಇಂಗ್ಲಿಷಿನಲ್ಲಿ ಹಂತಗಳನ್ನು ಕೇಳುತ್ತಿದ್ದರು. ವಿದ್ಯಾರ್ಥಿನಿ, ರೋಗಿಗೆ ವಿವರಿಸಿ ಹೇಳುವುದು, ಮರೆ ಮಾಡುವುದು ಎಂಬ ಹಂತಗಳನ್ನೂ ಸೇರಿಸಿ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಅಷ್ಟು ಹೊತ್ತೂ ಅಜ್ಜಿಯ ಎದೆಯ ಮೇಲೆ ಬಟ್ಟೆ ಇರಲಿಲ್ಲ. ಕೊನೆಗೆ ಅಜ್ಜಿಯೇ, "ಆ ಪರದಿ ಒಂಚೂರು ಎಳಿಯವ್ವಾ, ಗಂಡಸರು ಅಡ್ಡಾಡಾಕತ್ತಾರ" ಎಂದರು. ಉತ್ತರ ಸರಿಯಿದ್ದುದರಿಂದ ಸಹಿ ಬಿತ್ತು.

ಹೆರಿಗೆ ಕೋಣೆಯಲ್ಲಿ ಇದು ಇನ್ನೂ ಕಠಿಣ. ಹೆರಿಗೆಯ ಮೊದಲ ಹಂತದಲ್ಲಿ ನೋವು ಬಲವಾದ ಮೇಲೆ ನಾಲ್ಕು ತಾಸಿಗೊಮ್ಮೆ ಒಳಪರೀಕ್ಷೆ ಸಾಕೆಂದೂ, ಒಬ್ಬಳೇ ಹೆಂಗಸನ್ನು ಹಲವರು ಸರದಿಯಂತೆ ಪರೀಕ್ಷಿಸಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿಯೇ ಹೇಳಿದೆ. ಅದೇ ವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಘನತೆ, ಖಾಸಗಿತನಗಳೂ ಸೇರಿವೆ. ಆದರೂ ಕಲಿಯುವವರ ಸಾಲು ನಿಲ್ಲುವುದು ಜನರಲ್ ವಾರ್ಡಿನ ಬಡ ಗರ್ಭಿಣಿಯ ಮುಂದೆಯೇ ಹೊರತು ಸ್ಪೆಷಲ್ ರೂಮಿನ ಬಾಗಿಲಲ್ಲಿ ಅಲ್ಲ. (ಅಲ್ಲಿ ಕದ ತಟ್ಟಿ ಒಳಗೆ ಹೋಗಬೇಕೆಂಬುದು ಎಲ್ಲರಿಗೂ ಗೊತ್ತಿದೆ.)

ಒಪ್ಪಿಗೆ ಕೇಳುತ್ತ ಕುಳಿತರೆ ರೋಗಿಗಳೆಲ್ಲರೂ ಬೇಡವೆನ್ನುತ್ತಾರೆ, ಮಕ್ಕಳು ಕಲಿಯುವುದು ಹೇಗೆ ಎಂದು ಬೋಧಕರು ಕೇಳುತ್ತಾರೆ. ನಾನು ಕಂಡಂತೆ ಹಾಗಾಗುವುದಿಲ್ಲ. "ಯವ್ವಾ, ನಾ ಇನ್ನೂ ಕಲಿಯಾಕಿ, ನಮ್ಮ ಮೇಡಂ ಬಾಜೂಕ ಇರ್ತಾರ, ಸೂಜಿ ಮಾಡ್ಲೇನ್ರಿ?" ಎಂದರೆ ಹೆಚ್ಚಿನವರು ಒಪ್ಪುತ್ತಾರೆ, ಕೆಲವರು ನಮ್ಮ ಮಗಳೂ ಓದಾಕತ್ತಾಳ ಎಂದು ಮಾತಿಗೇ ತೊಡಗುತ್ತಾರೆ. ಬೇಡವೆಂದವರನ್ನು ಬಿಟ್ಟುಬಿಡಬೇಕು. ಲಾಗ್ ಬುಕ್ಕಿನಲ್ಲಿ ಅಂದು ಖಾಲಿ ಉಳಿದ ಸಾಲಿಗೆ ಅಂಕ ಕಳೆಯದೆ ಇನ್ನೊಂದು ದಿನ ಅವಕಾಶ ಕೊಡುವುದು, ಒಪ್ಪಿಗೆ ಕೇಳಿದ್ದನ್ನು ನೋಡಿದ ಮೇಲೆಯೇ ಸಹಿ ಹಾಕುವುದು, ಇವೆರಡನ್ನೂ ಪ್ರಾಂಶುಪಾಲರು ನಾಳೆಯಿಂದಲೇ ಜಾರಿಗೆ ತರಬಹುದು. ವಿಶ್ವವಿದ್ಯಾಲಯದ ಸುತ್ತೋಲೆಗಾಗಿ ಕಾಯಬೇಕಿಲ್ಲ.