10,000 ಡಾಂಗ್‌ಗೆ ಕಾಲು ಗಂಟೆ ಹಠ

ವಿದೇಶಕ್ಕೆ ಹೋದಾಗ ಬೀದಿ ವ್ಯಾಪಾರಿಗಳ ಹತ್ತಿರ ಚೌಕಾಸಿ ಮಾಡುವುದೇ ತಪ್ಪು ಅಂತ ಬರೆದಿದ್ದೀರಿ. ಪೂರ್ತಿ ಒಪ್ಪಲು ಆಗುವುದಿಲ್ಲ. ನಮ್ಮ ಗಂಗಾವತಿ ಸಂತೆಯಲ್ಲಿ ಹೇಳಿದಷ್ಟು ಕೊಟ್ಟರೆ ಮಾರುವವರೇ ವಿಚಿತ್ರವಾಗಿ ನೋಡುತ್ತಾರೆ. ವಿಯೆಟ್ನಾಂನ ಹೋ ಚಿ ಮಿನ್ ಸಿಟಿಯ ಬೆನ್ ಥಾನ್ ಮಾರ್ಕೆಟ್ಟೂ ಹಾಗೇ, ಚೌಕಾಸಿ ಇದ್ದದ್ದೇ ಅಂತ ಮೊದಲೇ ಏರಿಸಿ ಹೇಳುತ್ತಾರೆ. ಆದರೆ ಅಲ್ಲಿ ನಾನೊಂದು ಪೆದ್ದತನ ಮಾಡಿದೆ. ಒಬ್ಬ ಅಜ್ಜಿ ಹತ್ತಿರ ತಾಳೆಗರಿ ಟೋಪಿಗೆ 10,000 ಡಾಂಗ್ (ಅಲ್ಲಿನ ದುಡ್ಡು) ಇಳಿಸಿ ಅಂತ ಕಾಲು ಗಂಟೆ ಹಠ ಹಿಡಿದೆ, ಅಷ್ಟು ಸೊನ್ನೆ ನೋಡಿ ದೊಡ್ಡ ದುಡ್ಡು ಅನಿಸಿತ್ತು, ರೂಮಿಗೆ ಬಂದು ಲೆಕ್ಕ ಹಾಕಿದರೆ ಮೂವತ್ತು ಚಿಲ್ಲರೆ ರೂಪಾಯಿ! ಬೆಳಿಗ್ಗೆ ಏಸಿ ಅಂಗಡಿಯಲ್ಲಿ ಕಾಫಿಗೆ ತುಟಿ ಪಿಟಕ್ ಅನ್ನದೆ ಅದಕ್ಕಿಂತ ಜಾಸ್ತಿ ಕೊಟ್ಟು ಬಂದಿದ್ದೆ ಬೇರೆ.

ಕೊಪ್ಪಳದ ಪಕ್ಕ ಕಿನ್ನಾಳದಲ್ಲಿ ಮರ ಕೆತ್ತಿ, ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರಲ್ಲ, ಅದನ್ನು ಹೊರಗಿನವರು ಅರ್ಧ ಬೆಲೆಗೆ ಕೇಳಿದರೆ ನನಗೇ ಸಿಟ್ಟು ಬರುತ್ತದೆ. ಮತ್ತೆ ನಾನು ಅಲ್ಲಿ ಮಾಡಿದ್ದೂ ಅದೇ ಅಲ್ವಾ? ಈಗ ಕೈಯಿಂದ ಮಾಡಿದ ವಸ್ತುವಿಗೆ ಒಂದೇ ಸಲ ಕೇಳುತ್ತೇನೆ, ಇಲ್ಲ ಅಂದರೆ ಹೇಳಿದಷ್ಟು ಸುಮ್ನೆ ಕೊಟ್ಟುಬಿಡುತ್ತೇನೆ. ಟ್ಯಾಕ್ಸಿಯವರ ಹತ್ತಿರ ಮಾತ್ರ ಇವತ್ತಿಗೂ ಬಿಡುವುದಿಲ್ಲ ನೋಡಿ.