ಆರೋಗ್ಯವಂತರನ್ನು ಸೇರಿಸದ ಅಧ್ಯಯನ ಸುಳ್ಳಲ್ಲ

"ಹೃದಯಾಘಾತ ಆದವರನ್ನು ಮಾತ್ರ ನೋಡಿದ್ದಾರೆ, ಆರೋಗ್ಯವಂತರನ್ನು ಸೇರಿಸಿಲ್ಲ, ಹಾಗಾಗಿ ಗಾಳಿ ಮಾಲಿನ್ಯಕ್ಕೂ ಹೃದಯಾಘಾತಕ್ಕೂ ನಂಟಿದೆ ಎನ್ನುವ ಈ ಅಧ್ಯಯನಗಳೆಲ್ಲ ಸುಳ್ಳು" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಇಂಥವು ಹೆಚ್ಚಾಗಿ ಕೇಸ್-ಕ್ರಾಸ್‌ಓವರ್ ವಿಧಾನದ ಅಧ್ಯಯನಗಳು. 1991ರಲ್ಲಿ ಸಂಶೋಧಕ ಮಾಲ್ಕಂ ಮ್ಯಾಕ್ಲೂರ್ ಇದನ್ನು ಮುಂದಿಟ್ಟರು. ಹೋಲಿಕೆ ಇದ್ದೇ ಇದೆ, ಆದರೆ ಬೇರೆಯವರ ಜೊತೆ ಅಲ್ಲ, ಅದೇ ವ್ಯಕ್ತಿಯ ಬೇರೆ ದಿನಗಳ ಜೊತೆ. ಆಘಾತ ಆದದ್ದು ಒಂದು ಮಂಗಳವಾರ ಅಂದ್ರೆ, ಅದೇ ತಿಂಗಳ ಉಳಿದ ಮಂಗಳವಾರಗಳಲ್ಲಿ ಗಾಳಿ ಹೇಗಿತ್ತು ಅಂತ ನೋಡುತ್ತಾರೆ. ವಯಸ್ಸು, ಸಿಗರೇಟಿನ ಚಟ, ಹಳೆಯ ಸಕ್ಕರೆ ಕಾಯಿಲೆ ಇವೆಲ್ಲ ಆ ಕೆಲವೇ ವಾರಗಳಲ್ಲಿ ಅಷ್ಟಾಗಿ ಬದಲಾಗುವುದಿಲ್ಲ ಅಲ್ವಾ, ಹಾಗಾಗಿ ಅವು ಲೆಕ್ಕ ಕೆಡಿಸುವುದಿಲ್ಲ. ನನ್ನ ಪ್ರಕಾರ ಇದೇ ಈ ವಿಧಾನದ ದೊಡ್ಡ ಶಕ್ತಿ. ಫೋನಿನಲ್ಲಿ ಮಾತಾಡುವಾಗ ಅಪಘಾತದ ಅಪಾಯ ಸುಮಾರು 4 ಪಟ್ಟು ಅಂತ 1997ರಲ್ಲಿ ತೋರಿಸಿದ, 699 ಚಾಲಕರ ಅಧ್ಯಯನವೂ ಇದೇ ದಾರಿ ಹಿಡಿದಿತ್ತು.

ಹಾಗಂತ ಮಿತಿಗಳಿಲ್ಲ ಅಂತಲ್ಲ. ದಿನದಿಂದ ದಿನಕ್ಕೆ ಬದಲಾಗುವ ಬಿಸಿಲು, ಚಳಿಯನ್ನು ಬೇರೆಯಾಗಿ ಲೆಕ್ಕಕ್ಕೆ ತರಲೇಬೇಕು. ಹೋಲಿಕೆಗೆ ಆಘಾತದ ಮುಂಚಿನ ದಿನಗಳನ್ನಷ್ಟೇ ತಗೊಂಡರೆ, ಮಾಲಿನ್ಯ ನಿಧಾನಕ್ಕೆ ಏರುತ್ತಿರುವ ಕಾಲದಲ್ಲಿ ಅಪಾಯ ಸುಮ್ನೆ ಜಾಸ್ತಿ ಕಾಣುತ್ತದೆ. ಅದಕ್ಕೇ ಹಿಂದಿನ, ಮುಂದಿನ ದಿನಗಳೆರಡನ್ನೂ ಸೇರಿಸುತ್ತಾರೆ. ವರ್ಷಗಟ್ಟಲೆ ಹೊಗೆಯಲ್ಲಿ ಬದುಕಿ ಬರುವ ಕಾಯಿಲೆಗೆ ಮಾತ್ರ ಈ ವಿಧಾನ ಹೊಂದುವುದಿಲ್ಲ.